ದಾನಿಗೆ 61 ವರ್ಷ, ಬಿಪಿ ಇತ್ತು: ಆ ಕಿಡ್ನಿ ಬೇಕಾ, ಬೇಡ್ವಾ?

ಇದು ಈ ವಾರದ ವಿಡಿಯೊ ಮಾತಿನ ಬರಹರೂಪ. ಆಫೀಸ್ ಬಸ್ಸಲ್ಲಿ, ಲೋಕಲ್ ಟ್ರೇನಲ್ಲಿ ನಿಂತುಕೊಂಡು ವಿಡಿಯೊ ನೋಡೋಕಾಗಲ್ಲ, ಆದ್ರೆ ಓದಬಹುದು ಅಂತ ತುಂಬಾ ಜನ ಹೇಳಿದ್ದಕ್ಕೆ, ಮಾತಿನ ಧಾಟಿ ಹೆಚ್ಚು ಕೆಡಿಸದೆ ಬರೆದಿದ್ದೇನೆ.

ನನ್ನ ಪರಿಚಯ ಎರಡೇ ಸಾಲು. ಊರು ಹಾವೇರಿ ಕಡೆ. ಪುಣೆಗೆ ಬಂದು ಹದಿನಾರು ವರ್ಷ ಆಯ್ತು, ಇಲ್ಲಿ ಕಿಡ್ನಿ ಡಾಕ್ಟರಾಗಿ ಕೆಲಸ ಮಾಡ್ತೀನಿ. ನನ್ನ ಹತ್ತಿರ ಬರೋ ಕನ್ನಡದವರಲ್ಲಿ ಅರ್ಧಕ್ಕರ್ಧ ಜನ ಹಿಂಜವಡಿ, ಖರಾಡಿ ಕಡೆ ಸಾಫ್ಟ್‌ವೇರ್ ಕೆಲಸದವರು. ಇಲ್ಲಾ, ಅವರು ಊರಿಂದ ಕರೆತಂದ ಅಪ್ಪ-ಅಮ್ಮಂದಿರು.

ಮೃತ ದಾನಿಯ ಕಿಡ್ನಿಗೆ ಹೆಸರು ಬರೆಸಿ ಕಾಯ್ತಾ ಇರೋರ ಮನೆಗೆ ಒಂದು ದಿನ ಫೋನ್ ಬರುತ್ತೆ. ಬಹಳ ಸಲ ಅದು ಹೊತ್ತಲ್ಲದ ಹೊತ್ತಲ್ಲೇ ಬರುತ್ತೆ. ಅದಕ್ಕೆ ಕಾರಣ ಇದೆ. ಮಿದುಳು ಸತ್ತಿದೆ ಅಂತ ಘೋಷಿಸೋಕೆ ನಾಲ್ಕು ಜನ ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಬೇಕು ಅಂತ ಕಾನೂನು ಹೇಳುತ್ತೆ. ಆಮೇಲೆ ಮನೆಯವರ ಒಪ್ಪಿಗೆ, ಅಪಘಾತ ಆಗಿದ್ರೆ ಪೊಲೀಸರ ಕಾಗದ. ಇಷ್ಟೆಲ್ಲ ಮುಗಿಯೋ ಹೊತ್ತಿಗೆ ಮಧ್ಯರಾತ್ರಿ. ಫೋನಲ್ಲಿ ಹೇಳೋದು ಹೀಗಿರುತ್ತೆ: "ಒಬ್ಬ ದಾನಿ ಇದ್ದಾರೆ. ಗಂಡಸು, 61 ವರ್ಷ. ಮಿದುಳಲ್ಲಿ ರಕ್ತಸ್ರಾವ ಆಗಿತ್ತು. ಹತ್ತು ವರ್ಷದಿಂದ ಬಿಪಿ ಮಾತ್ರೆ ತಗೋತಿದ್ರು. ಕ್ರಿಯಾಟಿನಿನ್ 1.4. ಒಂದು ಗಂಟೆಯೊಳಗೆ ಹೇಳಿ, ಬರ್ತೀರಾ?"

ಆಗ ಮನೆಯವರು ನನ್ನನ್ನ ಕೇಳೋದು ಒಂದೇ ಪ್ರಶ್ನೆ. "ಡಾಕ್ಟ್ರೇ, ಅದು ಒಳ್ಳೆ ಕಿಡ್ನೀನಾ?"

ಈ ಪ್ರಶ್ನೆಗೆ ನೇರ ಉತ್ತರ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಅದೇನು ಅಂತ ನಿಧಾನಕ್ಕೆ ಹೇಳ್ತೀನಿ. ಯಾಕಂದ್ರೆ ಆ ಒಂದು ಗಂಟೆಯಲ್ಲಿ ಇದನ್ನೆಲ್ಲ ಯಾರಿಗೂ ಅರ್ಥ ಮಾಡಿಸೋಕಾಗಲ್ಲ, ನಾನು ಪ್ರಯತ್ನಪಟ್ಟಿದ್ದೀನಿ.

ಮೊದಲು, ಕಿಡ್ನಿ ಯಾರಿಂದ ಬರುತ್ತೆ? 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡರು. ಮನೆಯವರು ಅಂಗದಾನ ಮಾಡಿದರು, ಅದರಲ್ಲಿ ಕಿಡ್ನಿಗಳೂ ಇದ್ದವು. ಅದೇ ವರ್ಷ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ಹೋದರು. ಅವರದು ಕಣ್ಣು ಮಾತ್ರ ದಾನವಾಯ್ತು. "ಅಪ್ಪು ಕಿಡ್ನಿ ಯಾಕೆ ತಗೊಳ್ಳಲಿಲ್ಲ?" ಅಂತ ನನ್ನನ್ನ ಎಷ್ಟೋ ಜನ ಕೇಳಿದ್ದಾರೆ. ಹೃದಯ ನಿಂತು ಸಾವಾದಾಗ ರಕ್ತ ಓಡಾಟವೇ ನಿಂತಿರುತ್ತೆ. ಕಿಡ್ನಿ ಅದನ್ನ ತಡೆಯೋದು ಸ್ವಲ್ಪ ಹೊತ್ತು ಮಾತ್ರ. ಕಣ್ಣಿನ ಕಾರ್ನಿಯಾ ಮಾತ್ರ ಕೆಲವು ಗಂಟೆ ಕಾಯುತ್ತೆ. ಮಿದುಳು ಸತ್ತು, ಯಂತ್ರದ ಉಸಿರಾಟದಲ್ಲಿ ಹೃದಯ ಇನ್ನೂ ಬಡೀತಾ ಇರುವಾಗ ಮಾತ್ರ ನಮ್ಮಲ್ಲಿ ಸಾಮಾನ್ಯವಾಗಿ ಕಿಡ್ನಿ ಸಿಗೋದು. ಬ್ರಿಟನ್‌ನಂಥ ದೇಶಗಳಲ್ಲಿ ಹೃದಯ ನಿಂತ ಮೇಲೂ ತಕ್ಷಣ ತೆಗೆಯೋ ವ್ಯವಸ್ಥೆ ಬೆಳೆದಿದೆ. ಇಲ್ಲಿ ಅದು ಅಪರೂಪ.

ಹಾಗಾಗಿ ದಾನಿಗಳು ಕಡಿಮೆ. 2023ರಲ್ಲಿ ಇಡೀ ದೇಶದಲ್ಲಿ ಮೃತ ದಾನಿಗಳು 1,099. ನೂರ ನಲವತ್ತು ಕೋಟಿ ಜನಕ್ಕೆ! ಅದೇ ವರ್ಷ ಹದಿಮೂರು ಸಾವಿರಕ್ಕೂ ಹೆಚ್ಚು ಕಿಡ್ನಿ ಕಸಿ ಆಗಿದೆ, ಆದ್ರೆ ಹೆಚ್ಚುಕಡಿಮೆ ಎಂಟರಲ್ಲಿ ಏಳು ಬದುಕಿರೋರು ಕೊಟ್ಟದ್ದು. ಕೊಟ್ಟೋರು ಯಾರು ಅಂದ್ರೆ ಹೆಚ್ಚಿನ ಪಾಲು ಅಮ್ಮ, ಇಲ್ಲಾ ಹೆಂಡತಿ. ಆ ವಿಷಯಕ್ಕೆ ಇನ್ನೊಂದು ದಿನ ಬೇರೆಯೇ ಮಾತಾಡಬೇಕು, ನನಗೆ ಕೋಪ ಬರೋ ವಿಷಯ ಅದು.

ಈಗ ದಾನಿಯ ಗುಣಗಳಿಗೆ ಬರ್ತೀನಿ. ಎಲ್ಲಕ್ಕಿಂತ ದೊಡ್ಡದು ವಯಸ್ಸು.

ಕಿಡ್ನಿಯೊಳಗೆ ನೆಫ್ರಾನ್ ಅನ್ನೋ ಸಣ್ಣ ಸಣ್ಣ ಸೋಸುವ ಘಟಕಗಳಿರುತ್ತವೆ. ಹುಟ್ಟುವಾಗ ಎಷ್ಟು ತಂದಿರ್ತೀವೋ ಅಷ್ಟೇ, ಹೊಸದು ಹುಟ್ಟಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನವರು ಆರೋಗ್ಯವಂತ ದಾನಿಗಳ ಕಿಡ್ನಿಗಳನ್ನ ಲೆಕ್ಕಹಾಕಿ 2017ರಲ್ಲಿ ಪ್ರಕಟಿಸಿದ್ರು. 18ರಿಂದ 29 ವಯಸ್ಸಿನವರಲ್ಲಿ ಒಂದು ಕಿಡ್ನಿಗೆ ಕೆಲಸ ಮಾಡೋ ನೆಫ್ರಾನ್ ಸುಮಾರು ಹತ್ತು ಲಕ್ಷ. 70ರಿಂದ 75ರವರಲ್ಲಿ ಸುಮಾರು ಐದು ಲಕ್ಷ. ನೆನಪಿರಲಿ, ಇವರೆಲ್ಲ ಪರೀಕ್ಷೆ ಪಾಸಾದ, ಯಾವ ಕಾಯಿಲೆಯೂ ಇಲ್ಲದ ಜನ. ಅಂದ್ರೆ ಬರೀ ವಯಸ್ಸೇ ಅರ್ಧ ತಿಂದುಹಾಕುತ್ತೆ. ಅದರ ಮೇಲೆ ಬಿಪಿ ಇದ್ರೆ ಇನ್ನಷ್ಟು.

ಹಾಗಂತ ಮುದುಕರ ಕಿಡ್ನಿ ಕೆಲಸಕ್ಕೆ ಬರಲ್ಲ ಅಂತ ಅಲ್ಲ. ಎರಡೂ ಕಿಡ್ನಿ ಸೇರಿ ಆರೋಗ್ಯವಂತರಲ್ಲಿ ನಿಮಿಷಕ್ಕೆ ನೂರು ಮಿಲಿಲೀಟರ್ ಆಸುಪಾಸು ರಕ್ತ ಸೋಸುತ್ತವೆ ಅನ್ನೋಣ. ಡಯಾಲಿಸಿಸ್ ಬೇಕಾಗೋದು ಅದು ಹತ್ತಕ್ಕಿಂತ ಕೆಳಗೆ ಇಳಿದಾಗ. ವಯಸ್ಸಾದ ದಾನಿಯ ಒಂದು ಕಿಡ್ನಿ ನಲವತ್ತು ಕೊಟ್ರೂ ನೀವು ಕೆಲಸಕ್ಕೆ ಹೋಗ್ತೀರಿ, ನೀರು ಅಳೆದು ಕುಡಿಯಬೇಕಾಗಿಲ್ಲ, ಮಾವಿನಹಣ್ಣು ತಿನ್ನಬಹುದು. ಆದ್ರೆ ಉಳಿತಾಯ ಕಡಿಮೆ. ಒಂದು ಸೋಂಕು ಬಂತು, ಒಂದು ಸಲ ದೇಹ ಕಿಡ್ನಿಯನ್ನ ತಿರಸ್ಕರಿಸೋಕೆ ಹೊರಟಿತು ಅಂದ್ರೆ, ಎಳೆ ಕಿಡ್ನಿ ತಡ್ಕೊಳ್ಳುತ್ತೆ, ಹಳೇದು ಕುಸಿಯುತ್ತೆ.

ಎರಡನೇದು, ದಾನಿ ಹೇಗೆ ತೀರಿಕೊಂಡರು ಅನ್ನೋದು. ಬೈಕಿಂದ ಬಿದ್ದ 25ರ ಹುಡುಗನ ಕಿಡ್ನಿಗೆ ಏನೂ ಆಗಿರಲ್ಲ, ಪೆಟ್ಟು ತಲೆಗೆ. ಆದ್ರೆ ಸ್ಟ್ರೋಕ್ ಆಗಿ ಹೋದವರಲ್ಲಿ ಮಿದುಳಿನ ರಕ್ತನಾಳ ಒಡೆದಿದೆ ಅಂದ್ರೆ, ಕಿಡ್ನಿಯೊಳಗಿನ ಸಣ್ಣ ನಾಳಗಳೂ ಅದೇ ಬಿಪಿಯ ಹೊಡೆತ ತಿಂದಿರ್ತವೆ. ಅಮೆರಿಕದಲ್ಲಿ 2002ರಿಂದ ಒಂದು ವಿಭಾಗ ಮಾಡಿದ್ರು. ದಾನಿಗೆ 60 ದಾಟಿದ್ರೆ, ಅಥವಾ 50ರಿಂದ 59ರೊಳಗಿದ್ದು ಬಿಪಿ, ಸ್ಟ್ರೋಕ್ ಸಾವು, ಕ್ರಿಯಾಟಿನಿನ್ 1.5ಕ್ಕಿಂತ ಹೆಚ್ಚು, ಈ ಮೂರರಲ್ಲಿ ಎರಡಿದ್ರೆ ಅದನ್ನ 'ವಿಸ್ತೃತ ಮಾನದಂಡದ ದಾನಿ' ಅಂದ್ರು. ಇಂಥ ಕಿಡ್ನಿ ವಿಫಲವಾಗೋ ಅಪಾಯ ಆದರ್ಶ ದಾನಿಯ ಕಿಡ್ನಿಗೆ ಹೋಲಿಸಿದ್ರೆ 1.7 ಪಟ್ಟು ಅಥವಾ ಅದಕ್ಕಿಂತ ಹೆಚ್ಚು. ನಾನು ಮೊದಲು ಹೇಳಿದ 61ರ ದಾನಿ ಈ ಗುಂಪಿಗೇ ಸೇರ್ತಾರೆ.

ದಾನಿಗೆ ಸಕ್ಕರೆ ಕಾಯಿಲೆ ಇದ್ರೆ? ಅದೂ ಅಪಾಯ ಹೆಚ್ಚಿಸುತ್ತೆ. ಆದ್ರೆ ಇಲ್ಲೊಂದು ಸ್ವಾರಸ್ಯ ಇದೆ. 1983ರಲ್ಲಿ ಕುವೈತ್‌ನ ವೈದ್ಯರು ಸಕ್ಕರೆ ಕಾಯಿಲೆಯ ಗುರುತು ಹತ್ತಿದ್ದ ಒಬ್ಬ ದಾನಿಯ ಎರಡು ಕಿಡ್ನಿಗಳನ್ನ ಸಕ್ಕರೆ ಕಾಯಿಲೆ ಇಲ್ಲದ ಇಬ್ಬರಿಗೆ ಹಾಕಿದ್ರು. ಹೊಸ ಮೈಯಲ್ಲಿ, ಸಕ್ಕರೆ ಸರಿಯಿರೋ ರಕ್ತದಲ್ಲಿ, ಆ ಹಾನಿ ತಿಂಗಳುಗಳಲ್ಲಿ ಹಿಂದಕ್ಕೆ ಸರಿದದ್ದನ್ನ ಅವರು ವರದಿ ಮಾಡಿದ್ರು. ಹಾಗಂತ ಎಲ್ಲ ಸಕ್ಕರೆ ಕಿಡ್ನಿಯೂ ಹಾಗಾಗಲ್ಲ. ಶುರುವಿನ ಹಂತದ ಹಾನಿ ಬೇರೆ, ಗಾಯದ ಕಲೆ ಆಗಿ ಗಟ್ಟಿಯಾದದ್ದು ಬೇರೆ. ಅನುಮಾನ ಇದ್ದಾಗ ಸೂಜಿಯಲ್ಲಿ ಚೂರು ತೆಗೆದು ಬಯಾಪ್ಸಿ ನೋಡೋದು ಅದಕ್ಕೇ.

ಮೂರನೇದು ಕ್ರಿಯಾಟಿನಿನ್. ಮನೆಯವರು ಅತಿ ಹೆಚ್ಚು ಹೆದರೋದು ಈ ಸಂಖ್ಯೆಗೆ, ಅತಿ ಹೆಚ್ಚು ತಪ್ಪಾಗಿ ಅರ್ಥ ಮಾಡಿಕೊಳ್ಳೋದೂ ಇದನ್ನೇ. ನಿಮ್ಮ ಭಾಷೇಲಿ ಹೇಳ್ತೀನಿ. ಸರ್ವರ್ ಬಿದ್ದಾಗ ಕೊನೇ ಎರರ್ ಒಂದನ್ನೇ ನೋಡಿ ತೀರ್ಮಾನ ಮಾಡ್ತೀರಾ? ಹಿಂದಿನ ಲಾಗ್ ಪೂರ್ತಿ ನೋಡ್ತೀರಿ ಅಲ್ವಾ? ಇದೂ ಹಾಗೇ.

ಒಬ್ಬ ಹುಡುಗ ಅಪಘಾತ ಆಗಿ ಆಸ್ಪತ್ರೆಗೆ ಬಂದಾಗ ಕ್ರಿಯಾಟಿನಿನ್ 0.9. ಮಾಂಸಖಂಡ ಜಜ್ಜಿಹೋಗಿದೆ, ಅದರ ಪ್ರೋಟೀನು ಕಿಡ್ನಿಯ ನಳಿಕೆಗಳಲ್ಲಿ ಸಿಕ್ಕಿಕೊಂಡಿದೆ, ನಡುವೆ ಬಿಪಿ ಕುಸಿದಿದೆ. ಮೂರನೇ ದಿನ 3.2. ಕೇಳಿದವರಿಗೆ ಎದೆ ಝಲ್ ಅನ್ನುತ್ತೆ. ಆದ್ರೆ ಇದು ಆರೋಗ್ಯವಂತ ಕಿಡ್ನಿಗೆ ಈಗಷ್ಟೇ ಆಗಿರೋ ಪೆಟ್ಟು. ಕಸಿ ಆದ ಮೇಲೆ ಒಂದೆರಡು ವಾರ ಮಂಕಾಗಿರಬಹುದು, ಆ ಹೊತ್ತಿಗೆ ಡಯಾಲಿಸಿಸ್ ಬೇಕಾಗಬಹುದು, ಆಮೇಲೆ ಎದ್ದು ಕೂರುತ್ತೆ. ಅಮೆರಿಕದಲ್ಲಿ ಸಾವಿರಾರು ಇಂಥ ಕಿಡ್ನಿಗಳನ್ನ ಹಿಂಬಾಲಿಸಿ ನೋಡಿದಾಗ, ಶುರುವಿಗೆ ತಡವಾದ್ರೂ ವರ್ಷಗಳ ಬಾಳಿಕೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಇನ್ನೊಬ್ಬರು 66ರವರು. ಬಂದಾಗಲೂ 1.7, ಈಗಲೂ 1.7. ಸ್ಕ್ಯಾನ್‌ನಲ್ಲಿ ಕಿಡ್ನಿ ಚಿಕ್ಕದಾಗಿದೆ, ಮೂತ್ರದಲ್ಲಿ ಪ್ರೋಟೀನು. ಸಂಖ್ಯೆ ಸಣ್ಣದು, ಆದ್ರೆ ಅದು ಹಳೇ ಕಾಯಿಲೆ. ನನ್ನನ್ನ ಕೇಳಿದ್ರೆ 3.2ರ ಹುಡುಗನದು ತಗೊಳ್ತೀನಿ. ಫೋನ್ ಬಂದಾಗ ನೀವು ಕೇಳಬೇಕಾದದ್ದು "ಕ್ರಿಯಾಟಿನಿನ್ ಎಷ್ಟು?" ಅಲ್ಲ. "ಬಂದಾಗ ಎಷ್ಟಿತ್ತು, ಈಗ ಎಷ್ಟು, ಮೂತ್ರ ಹೋಗ್ತಿದೆಯಾ?"

ಇನ್ನು ದಾನಿಯ ಗುಣ ಅನ್ನೋದಕ್ಕಿಂತ ದಾನಿಯನ್ನ ನೋಡಿಕೊಂಡ ರೀತಿಯ ಬಗ್ಗೆ. ಮಿದುಳು ಸಾಯುವಾಗ ಮೈಯಲ್ಲಿ ಬಿರುಗಾಳಿ ಏಳುತ್ತೆ. ಮೊದಲು ಬಿಪಿ ಆಕಾಶಕ್ಕೆ ಏರುತ್ತೆ, ಆಮೇಲೆ ಪಾತಾಳಕ್ಕೆ. ನೀರು ಹಿಡಿದಿಡೋ ಹಾರ್ಮೋನು ನಿಂತು ಮೂತ್ರ ಲೀಟರ್‌ಗಟ್ಟಲೆ ಹೋಗುತ್ತೆ. ಆ ಹತ್ತು ಹದಿನೈದು ಗಂಟೆ ಐಸಿಯುನಲ್ಲಿ ನರ್ಸ್ ಒಬ್ಬಳು ಬಿಪಿ ಎಷ್ಟು ಚೆನ್ನಾಗಿ ಹಿಡಿದಿಟ್ಟಳು ಅನ್ನೋದರ ಮೇಲೆ ಯಾವುದೋ ಊರಿನ ಇಬ್ಬರ ಮುಂದಿನ ಹತ್ತು ವರ್ಷ ನಿಂತಿರುತ್ತೆ. ಅವಳ ಹೆಸರು ಆ ಇಬ್ಬರಿಗೂ ಗೊತ್ತಾಗಲ್ಲ. ಕ್ಯಾಲಿಫೋರ್ನಿಯಾದ ವೈದ್ಯರು 2015ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದ್ರು. ದಾನಿಯ ಮೈಯನ್ನ 34-35 ಡಿಗ್ರಿಗೆ ತುಸು ತಣ್ಣಗಿಟ್ರೆ, ಕಸಿಯಾದ ಮೊದಲ ವಾರ ಡಯಾಲಿಸಿಸ್ ಬೇಕಾದವರು ಶೇ. 39ರಿಂದ ಶೇ. 28ಕ್ಕೆ ಇಳಿದರು. ದುಬಾರಿ ಔಷಧಿ ಏನೂ ಇಲ್ಲ.

ಆಮೇಲೆ ಐಸ್ ಪೆಟ್ಟಿಗೆಯ ಸಮಯ. ಕಿಡ್ನಿ ತೆಗೆದು ತಣ್ಣನೆ ದ್ರಾವಣದಲ್ಲಿ ಇಟ್ಟ ಗಳಿಗೆಯಿಂದ ಗಡಿಯಾರ ಓಡುತ್ತೆ. ಪ್ರತಿ ಗಂಟೆಗೂ ಲೆಕ್ಕ ಇದೆ, ಅದರಲ್ಲೂ ಹಳೇ ಕಿಡ್ನಿಗೆ ಹೆಚ್ಚು. ಎಕ್ಸ್‌ಪ್ರೆಸ್‌ವೇ ಮೇಲೆ ಗ್ರೀನ್ ಕಾರಿಡಾರ್ ಮಾಡಿ ಆಂಬ್ಯುಲೆನ್ಸ್ ಓಡಿಸೋದನ್ನ ಟಿವಿಯಲ್ಲಿ ನೋಡಿರ್ತೀರಿ. ಯುರೋಪಿನಲ್ಲಿ ಐಸ್ ಬದಲು ಪಂಪಿನಲ್ಲಿ ದ್ರಾವಣ ಹರಿಸ್ತಾ ಇಡೋ ಯಂತ್ರ ಬಳಸಿ ನೋಡಿದ್ರು. 2009ರ ಆ ಅಧ್ಯಯನದಲ್ಲಿ, ಐಸಿನಲ್ಲಿಟ್ಟ ಕಿಡ್ನಿಗಳಲ್ಲಿ ಶೇ. 26.5ರಷ್ಟು ತಡವಾಗಿ ಎದ್ದರೆ, ಯಂತ್ರದಲ್ಲಿಟ್ಟವು ಶೇ. 20.8. ಅಲ್ಲಿ ಒಂದು ದಾನಿಯ ಒಂದು ಕಿಡ್ನಿ ಐಸಿಗೆ, ಇನ್ನೊಂದು ಯಂತ್ರಕ್ಕೆ. ಇದಕ್ಕಿಂತ ನ್ಯಾಯವಾದ ಹೋಲಿಕೆ ಬೇರೆ ಇಲ್ಲ.

ಈಗ ನಿಮ್ಮಲ್ಲಿ ಡೇಟಾ ಕೆಲಸ ಮಾಡೋರಿಗೆ. ಇದನ್ನೆಲ್ಲ ಸೇರಿಸಿ ಒಂದು ಸಂಖ್ಯೆ ಮಾಡಕ್ಕಾಗಲ್ವಾ? ಮಾಡಿದ್ದಾರೆ. ಅಮೆರಿಕದಲ್ಲಿ 2014ರ ಡಿಸೆಂಬರ್‌ನಿಂದ ಕೆ.ಡಿ.ಪಿ.ಐ. ಅಂತ ಬಳಸ್ತಾರೆ. ದಾನಿಯ ವಯಸ್ಸು, ಎತ್ತರ, ತೂಕ, ಬಿಪಿ, ಸಕ್ಕರೆ, ಸಾವಿನ ಕಾರಣ, ಕ್ರಿಯಾಟಿನಿನ್ ಮುಂತಾದ ಹತ್ತು ಅಂಶಗಳಿಂದ ಶುರುವಾದದ್ದು. ಅದರಲ್ಲಿ ದಾನಿಯ ಜನಾಂಗ, ಹೆಪಟೈಟಿಸ್ ಸಿ ಎರಡನ್ನೂ 2024ರಲ್ಲಿ ಕೈಬಿಟ್ರು. ಹೆಪಟೈಟಿಸ್ ಸಿ ಬಿಟ್ಟದ್ದು ಯಾಕೆ ಅಂದ್ರೆ ಈಗ ಮಾತ್ರೆಯಲ್ಲೇ ವಾಸಿಯಾಗುತ್ತೆ. ಹಿಂದೆ ಕಸಕ್ಕೆ ಹೋಗ್ತಿದ್ದ ಆ ಕಿಡ್ನಿಗಳನ್ನ ಈಗ ಹಾಕಿ, ಮೇಲೆ ಮಾತ್ರೆ ಕೊಡ್ತಾರೆ.

ಕೆ.ಡಿ.ಪಿ.ಐ. 85 ಅಂದ್ರೆ ಕಿಡ್ನಿ ಶೇ. 85 ಹಾಳಾಗಿದೆ ಅಂತ ಅಲ್ಲ. ಇದನ್ನ ಎಂಜಿನಿಯರುಗಳೂ ಹಾಗೇ ಓದ್ತಾರೆ, ಆಶ್ಚರ್ಯ. ಅದು ಪರ್ಸೆಂಟೈಲ್, ನಮ್ಮ ಎಂಟ್ರೆನ್ಸ್ ಪರೀಕ್ಷೆಯ ತಲೆಕೆಳಗು ರ‍್ಯಾಂಕ್ ಥರ. ಸಿಕ್ಕ ನೂರು ಕಿಡ್ನಿಗಳಲ್ಲಿ 85 ಇದಕ್ಕಿಂತ ಹೆಚ್ಚು ಬಾಳುವ ನಿರೀಕ್ಷೆ ಇದೆ ಅಂತ. ಅಮೆರಿಕದ ಅಂದಾಜಿನಲ್ಲಿ 20ರವರೆಗಿನ ಕಿಡ್ನಿಗಳ ಸರಾಸರಿ ಬಾಳಿಕೆ ಹನ್ನೊಂದೂವರೆ ವರ್ಷದ ಹತ್ತಿರ, ನಡುವಿನವು ಸುಮಾರು ಒಂಬತ್ತು, 85 ದಾಟಿದವು ಐದೂವರೆಗಿಂತ ಹೆಚ್ಚು. ಔಷಧಿ, ಆರೈಕೆ ಸುಧಾರಿಸಿ ಈಚೆಗೆ ಎಲ್ಲವೂ ಮೇಲೆ ಹೋಗಿವೆ. 2014ರಿಂದ 2017ರವರೆಗೆ ಅಲ್ಲಿ ಕಸಿಯಾದವರಲ್ಲಿ ಮೃತ ದಾನಿಯ ಕಿಡ್ನಿಯ ಅಂದಾಜು ಮಧ್ಯದ ಆಯುಸ್ಸು ಸುಮಾರು 12 ವರ್ಷ, ಬದುಕಿರೋ ದಾನಿಯದು ಸುಮಾರು 19.

ಆದ್ರೆ ಈ ಸ್ಕೋರ್ ಒಬ್ಬ ರೋಗಿಯ ಮಟ್ಟಿಗೆ ಎಷ್ಟು ನಿಖರ? ಅದನ್ನ ಕಟ್ಟಿದವರೇ 2009ರಲ್ಲಿ ಕೊಟ್ಟ ಸಿ-ಸ್ಟಾಟಿಸ್ಟಿಕ್ 0.62. ನಾಣ್ಯ ಚಿಮ್ಮಿದ್ರೆ 0.5 ಬರುತ್ತೆ. 0.62ರ ಮಾಡೆಲ್ ತಗೊಂಡು ನೀವು ಪ್ರೊಡಕ್ಷನ್‌ಗೆ ಹೋಗ್ತೀನಿ ಅಂದ್ರೆ ನಿಮ್ಮ ಮ್ಯಾನೇಜರ್ ಮುಖ ನೋಡ್ತಾರೆ. ಸಾವಿರ ಕಿಡ್ನಿಗಳ ಸರಾಸರಿ ಹೇಳೋಕೆ ಅದು ಚೆನ್ನಾಗಿದೆ. ನಿಮ್ಮಪ್ಪನಿಗೆ ಬಂದ ಆ ಒಂದು ಕಿಡ್ನಿ ಏನು ಮಾಡುತ್ತೆ ಅಂತ ಹೇಳೋಕೆ ಆಗಲ್ಲ. ಜೊತೆಗೆ ಅದು ಅಮೆರಿಕದ ದಾನಿಗಳ ಮೇಲೆ ಕಟ್ಟಿದ್ದು. ಅಲ್ಲಿನವರ ತೂಕ ಬೇರೆ, ಸಾಯೋ ಕಾರಣಗಳು ಬೇರೆ, ನಮ್ಮ ಐಸಿಯು ಬೇರೆ.

ಯಾಕೆ ಆಗಲ್ಲ ಅನ್ನೋದಕ್ಕೆ, ಒಂದೇ ದಾನಿಯ ಎರಡು ಕಿಡ್ನಿಗಳ ಕತೆ ಸಾಕು. ಮೊದಲು ಹೇಳಿದ 61ರ ದಾನಿ ನಿಜವಾಗಿಯೂ ನನ್ನ ರೋಗಿಗೆ ಬಂದವರೇ. ವಿಜಯಪುರ ಕಡೆಯವರು, 44 ವರ್ಷ, ಒಂದು ಐಟಿ ಕಂಪನಿಯಲ್ಲಿ ಟೆಸ್ಟಿಂಗ್ ಲೀಡ್. ಐದು ವರ್ಷದಿಂದ ಡಯಾಲಿಸಿಸ್. ಕೈಯಲ್ಲಿ ಮಾಡಿದ ಫಿಸ್ಟುಲಾ ಎರಡು ಸಲ ಮುಚ್ಚಿಹೋಗಿ, ಕುತ್ತಿಗೆಯ ನಳಿಕೆಯಲ್ಲಿ ನಡೀತಿತ್ತು. ಅಮ್ಮನಿಗೆ ಸಕ್ಕರೆ, ಹೆಂಡತಿಯ ರಕ್ತದ ಗುಂಪು ಹೊಂದಲ್ಲ. ಅವರಪ್ಪ ಫೋನ್ ಇಸ್ಕೊಂಡು ನನಗೆ ಹೇಳಿದ್ದು: "ಸಾಹೇಬ್ರ, ನಮ್ಮ ಹುಡುಗಗ ಅರವತ್ತೊಂದು ವರ್ಷದ ಮುದುಕನ ಕಿಡ್ನಿ ಯಾಕ್ರೀ? ಇನ್ನೊಂದ್ ಸ್ವಲ್ಪ ಕಾಯೂಣು. ಹರೇದವ್ರದು ಬಂದೇ ಬರ್ತದಲ್ರೀ." ನಾನು ಅವರನ್ನ ಕೇಳಿದ್ದು ಇಷ್ಟೇ: "ಅಪ್ಪಾರ, ಕುತ್ತಿಗ್ಯಾಗಿನ ನಳಿಗಿ ಕಾಯ್ತೈತೇನ್ರೀ?"

ಅವರು ಬಂದರು. ಮೊದಲ ಒಂಬತ್ತು ದಿನ ಕಿಡ್ನಿ ಮೌನ. ಡಯಾಲಿಸಿಸ್ ಮುಂದುವರಿಸಿದ್ವಿ, ಅಪ್ಪ ಕಾರಿಡಾರಿನಲ್ಲಿ ನನ್ನ ಕಡೆ ನೋಡೋದೇ ಬಿಟ್ಟರು. ಹತ್ತನೇ ದಿನ ಮೂತ್ರ ಶುರುವಾಯ್ತು. ಕ್ರಿಯಾಟಿನಿನ್ 1.7ಕ್ಕೆ ನಿಂತಿತು. ಈಗ ಆರನೇ ವರ್ಷ. ಅದೇ ದಾನಿಯ ಇನ್ನೊಂದು ಕಿಡ್ನಿ ಹಾಕಿಸಿಕೊಂಡವರಿಗೆ ಆಪರೇಷನ್ ಟೇಬಲ್ ಮೇಲೇ ಮೂತ್ರ ಬಂದಿತ್ತು. ಒಂದೇ ದಾನಿ, ಒಂದೇ ಬಿಪಿ, ಒಂದೇ 1.4. ವ್ಯತ್ಯಾಸ ಎಲ್ಲಿಂದ ಬಂತು? ಐಸಿನ ಗಂಟೆಗಳು, ಪಡೆದವರ ಮೈಯ ಗಾತ್ರ, ಅವರ ಬಿಪಿ, ಎಷ್ಟು ವರ್ಷ ಡಯಾಲಿಸಿಸ್‌ನಲ್ಲಿದ್ದರು, ರಕ್ತದಲ್ಲಿ ಮೊದಲೇ ಇದ್ದ ಪ್ರತಿಕಾಯಗಳು. ಚಿಕ್ಕ ಮೈಯ ದಾನಿಯ ಕಿಡ್ನಿ ತೊಂಬತ್ತು ಕೆಜಿ ಗಂಡಸಿಗೆ ಹೋದ್ರೆ ಅದು ಜೀವನಪೂರ್ತಿ ಓವರ್‌ಟೈಮ್ ಮಾಡಬೇಕು. ಇದಾವುದೂ ದಾನಿಯ ಸ್ಕೋರಿನಲ್ಲಿ ಇಲ್ಲ. ದಿನಾ ಎರಡು ಹೊತ್ತು ಮಾತ್ರೆ ತಪ್ಪದೆ ನುಂಗ್ತಾರಾ ಅನ್ನೋದಂತೂ ಯಾವ ಸ್ಕೋರಿನಲ್ಲೂ ಇಲ್ಲ.

ಹಾಗಾದ್ರೆ ಕೇಳಬೇಕಾದ ಪ್ರಶ್ನೆ ಯಾವುದು? "ಈ ಕಿಡ್ನಿ ಒಳ್ಳೇದಾ" ಅಲ್ಲ. "ಈ ಕಿಡ್ನಿ ಬಿಟ್ರೆ ನನಗೆ ಮುಂದೇನಿದೆ?"

ಬಿಟ್ಟರೆ ಇರೋದು ಇನ್ನೊಂದು ಒಳ್ಳೆ ಕಿಡ್ನಿ ಅಲ್ಲ, ಡಯಾಲಿಸಿಸ್. ಜನ ಇಲ್ಲೇ ಜಾರೋದು. ಮನೆ ಬಾಡಿಗೆಗೆ ಹುಡುಕೋ ಥರ, ಇದು ಬೇಡ, ಇನ್ನೊಂದು ನೋಡೋಣ ಅಂತಾರೆ. ಅಮೆರಿಕದ ವೋಲ್ಫ್ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನ ಇವತ್ತಿಗೂ ನಮಗೆ ಆಧಾರ. ಅವರು ಕಸಿಯಾದವರನ್ನ ಬರೀ ಡಯಾಲಿಸಿಸ್ ರೋಗಿಗಳ ಜೊತೆ ಹೋಲಿಸಲಿಲ್ಲ, ಪಟ್ಟಿಯಲ್ಲಿ ಕಾಯ್ತಾ ಇದ್ದವರ ಜೊತೆ ಹೋಲಿಸಿದ್ರು. ಕಸಿಯ ಮೊದಲ ಎರಡು ವಾರ ಸಾವಿನ ಅಪಾಯ ಕಾಯುವವರಿಗಿಂತ 2.8 ಪಟ್ಟು. ಆಪರೇಷನ್ ಅಲ್ವಾ, ಅಷ್ಟಿರುತ್ತೆ. ಆದ್ರೆ ಹದಿನೆಂಟು ತಿಂಗಳ ಹೊತ್ತಿಗೆ ಶೇ. 68ರಷ್ಟು ಕಡಿಮೆ.

ಅದು ಎಲ್ಲ ಕಿಡ್ನಿಗಳ ಲೆಕ್ಕ. ವಯಸ್ಸಾದ ದಾನಿಗಳದ್ದೇ ಬೇರೆ ಲೆಕ್ಕ ಹಾಕಿದ್ದು 2005ರಲ್ಲಿ. ಅದರ ಪ್ರಕಾರ ಆ ಕಿಡ್ನಿ ತಗೊಂಡ ಲಾಭ ನಿಜವಾಗಿ ಕೈಗೆ ಹತ್ತೋಕೆ ಮೂರೂವರೆ ವರ್ಷ ಬೇಕು. ಲಾಭ ಸ್ಪಷ್ಟವಾಗಿದ್ದದ್ದು 40 ದಾಟಿದವರಿಗೆ, ಅದೂ ಕಾಯೋ ಸಮಯ ದೀರ್ಘವಾಗಿರೋ ಊರುಗಳಲ್ಲಿ. ನಮ್ಮ ಊರುಗಳಲ್ಲಿ ಕಾಯೋ ಸಮಯ ಹೇಗಿದೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.

ಇದರ ಅರ್ಥ ಎಲ್ಲರೂ ಎಲ್ಲಕ್ಕೂ ಹೂಂ ಅನ್ನಿ ಅಂತ ಅಲ್ಲ. ಹೋದ ವರ್ಷ 29ರ ಹುಡುಗಿಯೊಬ್ಬಳಿಗೆ ಇಂಥದ್ದೇ ಕರೆ ಬಂತು. ಫಿಸ್ಟುಲಾ ಚೆನ್ನಾಗಿದೆ, ಡಯಾಲಿಸಿಸ್‌ಗೆ ಬಂದು ಎಂಟು ತಿಂಗಳು, ಚಿಕ್ಕಮ್ಮ ದಾನಕ್ಕೆ ಒಪ್ಪಿ ಪರೀಕ್ಷೆಗಳು ನಡೀತಿದ್ದವು. ನಾನು ಬೇಡ ಅಂದೆ. ಅವಳಿಗೆ ಇನ್ನೂ ನಲವತ್ತು ವರ್ಷ ಬದುಕಬೇಕು, ಏಳೆಂಟು ವರ್ಷದ ಕಿಡ್ನಿ ಈಗ ಹಾಕಿಸಿಕೊಂಡು ಅದು ನಿಂತ ಮೇಲೆ ರಕ್ತದಲ್ಲಿ ಪ್ರತಿಕಾಯ ತುಂಬಿ ಎರಡನೇದು ಸಿಗೋದು ಕಷ್ಟ ಆಗುತ್ತೆ. ಅದೇ ಕಿಡ್ನಿ 63ರವರಿಗೆ ಬಂದಿದ್ರೆ ಕಣ್ಣು ಮುಚ್ಚಿ ತಗೊಳ್ಳಿ ಅಂತಿದ್ದೆ. ಯುರೋಪಿನ ಕೆಲವು ದೇಶಗಳು ಸೇರಿ ನಡೆಸೋ ಯೂರೋಟ್ರಾನ್ಸ್‌ಪ್ಲಾಂಟ್ 1999ರಿಂದ ಇದನ್ನೇ ನಿಯಮ ಮಾಡಿದೆ. 65 ದಾಟಿದ ದಾನಿಯ ಕಿಡ್ನಿ 65 ದಾಟಿದ ರೋಗಿಗೆ, ಅದೂ ಹತ್ತಿರದ ಊರಲ್ಲೇ, ಐಸಿನ ಹೊತ್ತು ಉಳಿಸೋಕೆ. ಹಿರಿಯರಿಗೆ ಹಿರಿಯರದು. ಇಟಲಿಯ ರೆಮುಜ್ಜಿ ಅವರ ತಂಡ ಇನ್ನೊಂದು ದಾರಿ ತೋರಿಸಿತು. ಬಯಾಪ್ಸಿ ನೋಡಿ, ಒಂದು ಕಿಡ್ನಿ ಸಾಲಲ್ಲ ಅನ್ನಿಸಿದ್ರೆ ಎರಡನ್ನೂ ಒಬ್ಬರಿಗೇ ಹಾಕೋದು. ಹಾಗೆ ಆರಿಸಿ ಹಾಕಿದ 60 ದಾಟಿದವರ ಕಿಡ್ನಿಗಳು ಎಳೆಯರ ಕಿಡ್ನಿಗಳಷ್ಟೇ ಬಾಳಿದ್ದನ್ನ ಅವರು 2006ರಲ್ಲಿ ಪ್ರಕಟಿಸಿದ್ರು.

ಬೇಡ ಅನ್ನೋದಕ್ಕೂ ಬೆಲೆ ಇದೆ ಅನ್ನೋದು ದೇಶಗಳ ಮಟ್ಟದಲ್ಲೂ ಕಾಣುತ್ತೆ. 2004ರಿಂದ 2014ರವರೆಗೆ ಅಮೆರಿಕ ತೆಗೆದ ಕಿಡ್ನಿಗಳಲ್ಲಿ ಸುಮಾರು ಶೇ. 18 ಯಾರಿಗೂ ಹಾಕದೆ ಬಿಸಾಡಿತು. ಫ್ರಾನ್ಸ್ ಬಿಸಾಡಿದ್ದು ಶೇ. 9. ಫ್ರಾನ್ಸಿನ ದಾನಿಗಳು ಇನ್ನೂ ವಯಸ್ಸಾದವರು, ಸರಾಸರಿ 50 ದಾಟಿದವರು! ಅಲ್ಲಿನವರ ಥರ ಯೋಚಿಸಿದ್ರೆ ಅಮೆರಿಕದ ಹದಿನೇಳು ಸಾವಿರಕ್ಕೂ ಹೆಚ್ಚು ಕಿಡ್ನಿಗಳು ಉಪಯೋಗಕ್ಕೆ ಬರ್ತಿದ್ದವು ಅಂತ ಲೆಕ್ಕ ಹಾಕಿದ್ದಾರೆ. ಅದೇ ಅಮೆರಿಕದಲ್ಲಿ, ಒಂದಾದರೂ ಕಿಡ್ನಿ ತಮ್ಮ ಹೆಸರಿಗೆ ಬಂದು, ಅದನ್ನ ಬೇಡ ಅಂದು, ಕಾಯ್ತಾ ತೀರಿಕೊಂಡವರು ದಿನಕ್ಕೆ ಸುಮಾರು ಹತ್ತು ಜನ. ಎಷ್ಟೋ ಸಲ ಬೇಡ ಅಂದದ್ದು ರೋಗಿ ಅಲ್ಲ, ಆಸ್ಪತ್ರೆ. ರೋಗಿಗೆ ವಿಷಯವೇ ಗೊತ್ತಿರಲಿಲ್ಲ.

ನಮ್ಮಲ್ಲೂ ಒಬ್ಬರಿದ್ದರು. ಧಾರವಾಡದವರು, ನಿವೃತ್ತ ಮಾಸ್ತರು, ಮಗನ ಜೊತೆ ಇಲ್ಲಿದ್ದರು. ಮೂರು ಸಲ ಕರೆ ಬಂತು. ಒಂದು ಸಲ ದಾನಿಗೆ ವಯಸ್ಸಾಯ್ತು ಅಂದರು, ಒಂದು ಸಲ ಕ್ರಿಯಾಟಿನಿನ್ ಜಾಸ್ತಿ ಅಂದರು, ಮೂರನೇ ಸಲ ಅಮಾವಾಸ್ಯೆ. ನಾಲ್ಕನೇ ಸಲ ಕೋಆರ್ಡಿನೇಟರ್ ಫೋನ್ ಮಾಡಿದಾಗ ಎತ್ತಿದ್ದು ಅವರ ಹೆಂಡತಿ. "ಅವರು ಹೋಗಿ ಇಪ್ಪತ್ತು ದಿನ ಆಯ್ತಲ್ಲಪ್ಪ" ಅಂದರು. ಪಟ್ಟಿಯಿಂದ ಹೆಸರು ತೆಗೆಸೋದು ಮನೆಯವರಿಗೆ ನೆನಪಾಗಿರಲಿಲ್ಲ.

ಹಾಗಾಗಿ ಹೊರಗಿನ ಊರುಗಳಲ್ಲಿರೋ ನಮ್ಮವರಿಗೆ ಕೆಲವು ಮಾತು. ಪಟ್ಟಿಗೆ ಸೇರೋಕೆ ಆ ರಾಜ್ಯದ ನಿವಾಸಿ ಆಗಿರಬೇಕು ಅನ್ನೋ ಷರತ್ತು, 65 ದಾಟಿದವರಿಗೆ ಹೆಸರು ಬರೆಸೋಕೆ ಬಿಡದ ನಿಯಮ, ಎರಡನ್ನೂ ತೆಗೆಯಿರಿ ಅಂತ ಕೇಂದ್ರ ಸರ್ಕಾರ 2023ರಲ್ಲಿ ರಾಜ್ಯಗಳಿಗೆ ಹೇಳಿದೆ. ಆಚರಣೆ ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ಬೇರೆ, ನಿಮ್ಮ ಆಸ್ಪತ್ರೆಯ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್‌ನ ಕೇಳಿ. ಚೆನ್ನೈಯಲ್ಲಿ ಟ್ರಾನ್ಸ್‌ಟಾನ್, ಹೈದರಾಬಾದಿನಲ್ಲಿ ಜೀವನ್‌ದಾನ್, ಮುಂಬೈ-ಪುಣೆಯಲ್ಲಿ ಝಡ್‌ಟಿಸಿಸಿ, ಬೆಂಗಳೂರಿನಲ್ಲಿ ಜೀವಸಾರ್ಥಕತೆ. ಅಪ್ಪ ಹುಬ್ಬಳ್ಳಿಯಲ್ಲಿ, ಮಗ ಹೈದರಾಬಾದಿನಲ್ಲಿ, ಹೆಸರು ಹೈದರಾಬಾದಿನಲ್ಲಿ ಅಂದ್ರೆ ಕರೆ ಬಂದ ರಾತ್ರಿ ಅಪ್ಪ ಎಷ್ಟು ಗಂಟೆಯಲ್ಲಿ ಅಲ್ಲಿಗೆ ಮುಟ್ಟುತ್ತಾರೆ? ಆ ಗಂಟೆಗಳೂ ಐಸಿನ ಲೆಕ್ಕಕ್ಕೇ ಸೇರುತ್ತವೆ. ರೋಗಿ ಇರೋ ಊರಿನ ಹತ್ತಿರವೇ ಬರೆಸೋದು ಮೇಲು.

ಫೋನ್ ಬರೋ ಮೊದಲೇ, ಒಂದು ಸಾಮಾನ್ಯ ಮಧ್ಯಾಹ್ನ, ನಿಮ್ಮ ಡಾಕ್ಟರ್ ಜೊತೆ ಅರ್ಧ ಗಂಟೆ ಕೂತು ಮಾತಾಡಿ. 60 ದಾಟಿದ ದಾನಿ ಆದ್ರೆ ನನಗೆ ಸರಿಯಾ? ಏಟಿನಿಂದ ಕ್ರಿಯಾಟಿನಿನ್ ಏರಿದ ದಾನಿ? ಹೆಪಟೈಟಿಸ್ ಸಿ ಇರೋ ದಾನಿ? ಬಯಾಪ್ಸಿ ಮಾಡೋ ವ್ಯವಸ್ಥೆ ನಿಮ್ಮಲ್ಲಿದೆಯಾ? ನನ್ನ ಪರವಾಗಿ ನೀವೇ ಬೇಡ ಅಂದ್ರೆ ನನಗೆ ತಿಳಿಸ್ತೀರಾ? ಈ ಕೊನೇ ಪ್ರಶ್ನೆ ಕೇಳೋಕೆ ಸಂಕೋಚ ಬೇಡ. ಉತ್ತರಗಳನ್ನ ಬರೆದು ಮನೆಯಲ್ಲಿ ಎಲ್ಲರಿಗೂ ಓದಿಸಿ, ಮುಖ್ಯವಾಗಿ ಆ ರಾತ್ರಿ ಫೋನ್ ಕಿತ್ಕೊಂಡು ಮಾತಾಡೋ ಹಿರಿಯರಿಗೆ. ನಂಬರ್ ಬದಲಾದ್ರೆ ಕೋಆರ್ಡಿನೇಟರ್‌ಗೆ ತಿಳಿಸಿ. ಕಂಪನಿ ಬದಲಾಯಿಸಿದಾಗ ಕಾರ್ಪೊರೇಟ್ ಸಿಮ್ ವಾಪಸ್ ಕೊಟ್ಟು, ಪಟ್ಟಿಯಲ್ಲಿ ಹಳೇ ನಂಬರೇ ಉಳಿದು ಕರೆ ತಪ್ಪಿಸಿಕೊಂಡವರು ನನ್ನ ಬಳಿಯೇ ಇಬ್ಬರಿದ್ದಾರೆ.

ವಿಡಿಯೊ ಕೆಳಗೆ ಒಬ್ಬರು ಕೇಳಿದ್ರು, ದಾನಿ ಯಾರು ಅಂತ ನಮಗೆ ಗೊತ್ತಾಗುತ್ತಾ ಅಂತ. ಗೊತ್ತಾಗಲ್ಲ. ವಯಸ್ಸು, ಕಾಯಿಲೆ, ಸಂಖ್ಯೆಗಳು ಹೇಳ್ತೀವಿ, ಹೆಸರು ಹೇಳಲ್ಲ. ಆ ವಿಜಯಪುರದವರ ಅಪ್ಪ ಮಾತ್ರ ಪ್ರತಿ ಸಲ ಚೆಕಪ್‌ಗೆ ಬಂದಾಗಲೂ ನನ್ನನ್ನ ಕೇಳ್ತಾರೆ: "ಆ ಮುದುಕಪ್ಪನ ಊರು ಯಾವುದಂತ ಅಷ್ಟರ ಹೇಳ್ರೀ ಸಾಹೇಬ್ರ." ನಾನು ಹೇಳಲ್ಲ. ಅವರು ಮುಂದಿನ ಸಲ ಮತ್ತೆ ಕೇಳ್ತಾರೆ.